ಕುದಿಯ ಉಸ್ತುವಾರಿ

ಗುಳುಗುಳು ಗುಳುಗುಳು, ಆಮೇಲೆ ಒಂದು ಬಿಕ್ಕಳಿಕೆ, ಮತ್ತೆ ಗುಳುಗುಳು.

ಪ್ರದರ್ಶನಾಲಯದ ಹಿಂಬದಿಯ ಎರಡು ಕೋಣೆಗಳ ಮನೆಯಲ್ಲಿ ಹಗಲೂ ರಾತ್ರಿ ಕೇಳುವ ಸದ್ದು ಇದು. ಹೊಸದಾಗಿ ಬಂದವರು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ನೆಲ ನೋಡುತ್ತಾರೆ. ಬೀಗ ರಿಪೇರಿ ಮಾಡುವ ಮನೆಯ ಯಜಮಾನ ಕೀಲಿಕೈಗೆ ಅರ ಉಜ್ಜುತ್ತ, ತಲೆಯೆತ್ತದೆ ಹೇಳುತ್ತಾನೆ: "ಗಾಬರಿ ಆಗ್ಬೇಡಿ. ಅದು ಭೂಮಿ ಅಲ್ಲ, ನಮ್ಮನೆಯವಳ ನೌಕರಿ."

ಅವನ ಮನೆಯವಳನ್ನು ಊರು ಕರೆಯುವುದು ಕೊತಕೊತಕ್ಕ ಎಂದು. ಅವಳಿಗೆ ಅದರಿಂದ ಬೇಸರವಿಲ್ಲ. ನೇಮಕದ ಆದೇಶದಲ್ಲಿ ಬರೆದಿರುವ 'ತಾತ್ಕಾಲಿಕ ಕುದಿ ಉಸ್ತುವಾರಿ' ಎಂಬುದಕ್ಕಿಂತ ಕೊತಕೊತಕ್ಕ ಎಷ್ಟೋ ವಾಸಿ ಎನ್ನುತ್ತಾಳೆ. ತಾತ್ಕಾಲಿಕ ಎಂಬ ಮಾತು ಆ ಹಾಳೆಗೆ ಬಿದ್ದಾಗ ಅವಳ ಮಗಳಿಗೆ ಹಾಲುಹಲ್ಲು ಬೀಳುತ್ತಿತ್ತು. ಈಗ ಆ ಮಗಳಿಗೆ ಮದುವೆಯಾಗಿ, ಅವಳು ಊರ ಸುತ್ತಲಿನ ಏರಿಯ ಆಚೆ ನಗರದಲ್ಲಿದ್ದಾಳೆ. ಮಾತು ಮಾತ್ರ ಬಿದ್ದಲ್ಲೇ ಇದೆ.

ನಮ್ಮೂರು ಇರುವುದು ಒಂದು ಜ್ವಾಲಾಮುಖಿಯ ಒಳಗೆ. ಪಕ್ಕದಲ್ಲಲ್ಲ, ಬುಡದಲ್ಲಲ್ಲ, ಒಳಗೆ. ಮನುಷ್ಯರು ಹುಟ್ಟುವ ಎಷ್ಟೋ ಮುಂಚೆ ಅದು ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಒಮ್ಮೆಗೇ ಹೊರಗೆ ಚೆಲ್ಲಿತಂತೆ. ಹೊಟ್ಟೆ ಬರಿದಾದ ಮೇಲೆ ಮೇಲಿನ ಚಾವಣಿ ಕುಸಿದು ಕೂತಿತು. ಉಳಿದದ್ದು ಒಂದು ದೊಡ್ಡ ಬೋಗುಣಿ, ಸುತ್ತ ಏರಿ. ಆ ಬೋಗುಣಿಯ ತಳದಲ್ಲಿ ನಾವು ಬಸ್ ನಿಲ್ದಾಣ, ಶಾಲೆ, ಕೋರ್ಟು, ಸ್ಮಶಾನ ಎಲ್ಲ ಕಟ್ಟಿಕೊಂಡಿದ್ದೇವೆ. ಸೂರ್ಯ ಏರಿ ಹತ್ತಿ ಬರಬೇಕಾದ್ದರಿಂದ ತಡವಾಗಿ ಬರುತ್ತಾನೆ, ಬೇಗ ಹೊರಡುತ್ತಾನೆ, ಊರಿನ ಸಮಿತಿಯ ಸದಸ್ಯರ ಹಾಗೆ. ಅಲ್ಲಲ್ಲಿ ನೆಲದ ಬಿರುಕಿನಿಂದ ಬಿಸಿ ಹಬೆ ಏಳುತ್ತದೆ. ಅದರ ಮೇಲೆ ಜನ ಒದ್ದೆ ಬಟ್ಟೆ ಹರಡುತ್ತಾರೆ.

ತೊಂದರೆ ಏನೆಂದರೆ, ಇಷ್ಟು ದೊಡ್ಡ ಜ್ವಾಲಾಮುಖಿ ಕಣ್ಣಿಗೆ ಕಾಣುವುದಿಲ್ಲ. ಪ್ರವಾಸಿಗರು ಬಸ್ಸಿಳಿದು ಕ್ಯಾಮೆರಾ ತೆಗೆದು, "ಬೆಟ್ಟ ಎಲ್ಲಿ?" ಎಂದು ಕೇಳುತ್ತಾರೆ. "ನೀವು ಅದರೊಳಗೇ ಇದ್ದೀರಿ" ಎಂದರೆ ಮೋಸಹೋದವರಂತೆ ಮುಖ ಮಾಡುತ್ತಾರೆ. ಒಳಗಿರುವವರಿಗೆ ಫೋಟೊ ಸಿಗುವುದಿಲ್ಲ. ಇದನ್ನು ಮೊದಲು ಮನಗಂಡವರು ನಮ್ಮ ಸಮಿತಿಯ ಅಧ್ಯಕ್ಷರು. ಊರಿನ ದೊಡ್ಡ ವಸತಿಗೃಹವೂ ಬಿಸಿನೀರಿನ ಸ್ನಾನಗೃಹವೂ ಅವರವೇ ಆದ್ದರಿಂದ ಬಂದವರು ಅದೇ ಬಸ್ಸಿನಲ್ಲಿ ವಾಪಸು ಹೋಗುವುದನ್ನು ಅವರು ಊರಿನ ಮರ್ಯಾದೆಯ ಪ್ರಶ್ನೆಯಾಗಿ ನೋಡಿದರು. ಹಾಗೆ ಹುಟ್ಟಿದ್ದು ಪ್ರದರ್ಶನಾಲಯ. ಅದರ ನಟ್ಟನಡುವೆ ತೊಟ್ಟಿ.

ತೊಟ್ಟಿಯನ್ನು ಕಟ್ಟಿದವನು ಮನೆಮನೆಗೆ ಮೀನಿನ ಗಾಜಿನ ಪೆಟ್ಟಿಗೆ ಮಾಡಿಕೊಡುವವನು. ಆಳೆತ್ತರದ ಗಾಜು, ಅದರೊಳಗೆ ಕೆಂಪು ಬಣ್ಣ ಕಲಸಿದ ನೀರು, ಅಡಿಯಲ್ಲಿ ಕಿತ್ತಳೆ ಬಣ್ಣದ ದೀಪ, ಹಿಂದೆ ಗಾಳಿ ಊದುವ ಪಂಪು. ಗುಂಡಿ ಒತ್ತಿದರೆ ತಳದಿಂದ ಗುಳ್ಳೆಗಳು ಎದ್ದು ಕೊತಕೊತ ಕುದಿಯುತ್ತವೆ. ಮೇಲೊಂದು ಫಲಕ: 'ನಿಮ್ಮ ಕಾಲ ಕೆಳಗೆ, ಈ ಕ್ಷಣ.' ಅಭ್ಯಾಸಬಲದಿಂದ ಆತ ತೊಟ್ಟಿಯ ತಳದಲ್ಲಿ ಮೀನು ಆಡುವ ಪ್ಲಾಸ್ಟಿಕ್ ಕಮಾನೊಂದನ್ನು ಅಂಟಿಸಿಬಿಟ್ಟಿದ್ದ. ಅದೇನೆಂದು ಪ್ರವಾಸಿಗರು ಕೇಳಿದಾಗ ಕೊತಕೊತಕ್ಕ ಮೊದಲ ದಿನ ತಡವರಿಸಿದಳು. ಎರಡನೆಯ ದಿನದಿಂದ, "ಅದು ಶಿಲಾಪಾಕ, ಅಂದ್ರೆ ಕರಗಿದ ಕಲ್ಲು, ಒಳಗೆ ಬರೋ ದಾರಿ" ಎಂದಳು. ಮೂರನೆಯ ದಿನದಿಂದ ತಾನೂ ನಂಬಿದಳು.

ಅವಳು ಹೇಳುವ ಕಥೆ ಚೆನ್ನಾಗಿತ್ತು. ನೆಲದಡಿಯಲ್ಲಿ ಊರಿನಷ್ಟೇ ಅಗಲದ ಗುಹೆ, ಗುಹೆಯ ತುಂಬ ಬೆಂಕಿಯ ಕೆರೆ, ಅದು ಸದಾ ಕುದಿಯುತ್ತ, ಮೇಲಿನವರ ಹೆಜ್ಜೆ ಸದ್ದು ಕೇಳಿಸಿಕೊಳ್ಳುತ್ತ ಇರುತ್ತದೆ. 'ಕೇಳಿಸಿಕೊಳ್ಳುತ್ತ' ಎನ್ನುವಾಗ ದನಿ ಇಳಿಸುತ್ತಿದ್ದಳು. ಮಕ್ಕಳು ಅಮ್ಮಂದಿರ ಕೈ ಹಿಡಿಯುತ್ತಿದ್ದವು. ಅಮ್ಮಂದಿರು ಆ ರಾತ್ರಿ ಅಧ್ಯಕ್ಷರ ವಸತಿಗೃಹದಲ್ಲಿ ಉಳಿದು, ಬದುಕಿದ್ದಕ್ಕೆ ಸಂತೋಷಪಟ್ಟು ಬಿಸಿನೀರಿನಲ್ಲಿ ಮೀಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಪಂಪು ಕೆಟ್ಟಿತು. ತೊಟ್ಟಿಯ ನೀರು ಕದಲದೆ, ಕೆಂಪಗೆ, ಕನ್ನಡಿಯ ಹಾಗೆ ನಿಂತಿತು. ಸೊಪ್ಪು ಮಾರುವವಳು ಅದನ್ನು ಕಿಟಕಿಯಿಂದ ನೋಡಿ ಪೇಟೆಯಲ್ಲಿ ಹೇಳಿದಳು: "ಕುದಿ ನಿಂತುಹೋಗಿದೆ." ಅಷ್ಟು ಸಾಕಾಯಿತು. ಉಸಿರು ಬಿಗಿಹಿಡಿದಿದೆ, ಇನ್ನು ಉಗುಳುವುದೊಂದೇ ಬಾಕಿ ಎಂದು ಯಾರೋ ವ್ಯಾಖ್ಯಾನ ಕೊಟ್ಟರು. ಸಂಜೆಯ ಹೊತ್ತಿಗೆ ಅರ್ಧ ಊರು ಹಾಸಿಗೆ ಸುತ್ತಿಕೊಂಡು ಏರಿಯ ಮೇಲೆ ಕೂತಿತ್ತು. ಮೀನಿನ ಪೆಟ್ಟಿಗೆಯವನನ್ನು ಏರಿಯ ಮೇಲಿಂದಲೇ ಹುಡುಕಿ ಕರೆತಂದು ಪಂಪು ಸರಿಮಾಡಿಸಿದ ಮೇಲೆ ಜನ, "ಸದ್ಯ, ಕುದಿ ಶುರುವಾಯ್ತು" ಎಂದು ನೆಮ್ಮದಿಯಿಂದ ಇಳಿದು ಬಂದರು. ಪ್ರಪಂಚದಲ್ಲಿ ಬೇರೆಲ್ಲೂ ಜನ ಜ್ವಾಲಾಮುಖಿ ಕುದಿಯುತ್ತಿದೆ ಎಂದು ತಿಳಿದು ಮನೆಗೆ ಹೋಗಿ ಮಲಗಿರಲಾರರು.

ಆ ವಾರವೇ ಸಮಿತಿ ನಿರ್ಣಯ ಮಾಡಿತು. ತೊಟ್ಟಿ ಯಾವ ಕಾರಣಕ್ಕೂ ನಿಲ್ಲತಕ್ಕದ್ದಲ್ಲ. ಕುದಿ ಉಸ್ತುವಾರಿ ಊರು ಬಿಟ್ಟು ಹೋಗತಕ್ಕದ್ದಲ್ಲ. ಅಂದಿನಿಂದ ಊರಿಗೊಂದು ರೂಢಿ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಪ್ರದರ್ಶನಾಲಯದ ಕಿಟಕಿಗೆ ಮುಖ ಹಾಕಿ ಹೋಗುತ್ತಾರೆ.

"ಅಕ್ಕ, ಹೇಗಿದೆ ಇವತ್ತು?"

"ಚೆನ್ನಾಗಿ ಕುದೀತಿದೆ."

"ನಿನ್ನೆಗಿಂತ ಸ್ವಲ್ಪ ಕಡಿಮೆ ಅನ್ಸುತ್ತಲ್ಲ?"

"ನೀರು ಬದಲಾಯಿಸಿದೀನಿ, ಅದಕ್ಕೆ. ನೀವು ಹೋಗಿ ಬನ್ನಿ."

ಹೀಗೆ ಕೊತಕೊತಕ್ಕ ಊರಿನಲ್ಲಿ ಡಾಕ್ಟರಿಗಿಂತ ಬೇಕಾದವಳಾದಳು. ಅದರ ಬೆಲೆಯಾಗಿ ಎಲ್ಲಿಗೂ ಹೋಗದವಳಾದಳು. ತಂಗಿಯ ಮನೆಯ ಮದುವೆಗೆ ಹೋಗಲಿಲ್ಲ. ಸ್ವಂತ ಮಗಳ ಮದುವೆಯನ್ನು ಪ್ರದರ್ಶನಾಲಯದ ಎದುರಿನ ಬಯಲಿನಲ್ಲೇ ಮಾಡಿದಳು, ಮಧ್ಯೆ ಎರಡು ಸಲ ಎದ್ದು ಹೋಗಿ ಪಂಪು ಮುಟ್ಟಿ ನೋಡಿ ಬಂದಳು. ಅವಳನ್ನು ಖಾಯಂ ಮಾಡುವ ಕಡತ ಮಾತ್ರ ಮೇಲಕ್ಕೆ ಹೋಗುತ್ತಲೇ ಇತ್ತು.

ಈಗ ಆ ಮಗಳಿಗೆ ದಿನ ತುಂಬುತ್ತಿತ್ತು. ಫೋನಿನಲ್ಲಿ ದಿನಾ ಒಂದೇ ಮಾತು.

"ಅಮ್ಮ, ನೀನು ಬರ್ತೀಯ ತಾನೆ?"

"ಬರ್ದೆ ಇರ್ತೀನಾ?"

"ಹಾಗಲ್ಲ, ಬರ್ತೀನಿ ಅಂತ ಹೇಳು. ಇವರಮ್ಮ ಇಲ್ಲ, ಇವರಿಗೆ ನೀರು ಕಾಯ್ಸೋಕೂ ಬರಲ್ಲ. ಮೊದಲನೇದು, ನಂಗೆ ಭಯ ಆಗುತ್ತೆ."

"ಹೇಳಿದ್ನಲ್ಲ, ಬರ್ತೀನಿ."

"ಏನದು ಸದ್ದು ಹಿಂದೆ? ಅದೇ ತೊಟ್ಟಿನಾ?" ಎಂದು ಮಗಳು ಕೇಳುತ್ತಿದ್ದಳು. ಫೋನಿನ ಎರಡು ಕಡೆಗೂ ಗುಳುಗುಳು ಕೇಳುತ್ತಿತ್ತು.

ಕೊತಕೊತಕ್ಕ ರಜೆ ಕೇಳಲು ಅಧ್ಯಕ್ಷರ ಬಳಿ ಹೋದಳು. ಅವರು ಸ್ನಾನಗೃಹದ ಕೌಂಟರಿನ ಹಿಂದೆ ಟವೆಲ್ಲುಗಳನ್ನು ಮಡಿಸುವುದನ್ನು ನೋಡುತ್ತ ಕೂತಿದ್ದರು.

"ನೋಡಮ್ಮ, ತಾತ್ಕಾಲಿಕದವರಿಗೆ ರಜೆ ಅಂತ ಇಲ್ಲ. ರಜೆ ಕೊಟ್ರೆ ನೀನು ಖಾಯಂ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಖಾಯಂ ಆದ್ಮೇಲೆ ಬೇಕಾದಷ್ಟು ತಗೋ."

"ಖಾಯಂ ಯಾವಾಗ ಸಾರ್?"

"ಪ್ರದರ್ಶನಾಲಯದ ಹೊಸ ವಿಭಾಗದ ಉದ್ಘಾಟನೆ ಇದೆಯಲ್ಲ, ಮೇಲಿನ ಕಚೇರಿಯ ದೊಡ್ಡ ಸಾಹೇಬರು ಬರ್ತಾರೆ. ಅವರ ಬಾಯಿಂದಲೇ ಘೋಷಣೆ ಮಾಡಿಸ್ತೀನಿ. ಅಲ್ಲೀವರೆಗೆ ಸ್ವಲ್ಪ ತಡ್ಕೊಳ್ಳೋಕೆ ಹೇಳು."

"ಯಾರಿಗೆ ಸಾರ್, ಮಗಳಿಗಾ, ಮಗುಗಾ?"

ಅಧ್ಯಕ್ಷರು ಈ ಪ್ರಶ್ನೆಯನ್ನು ನ್ಯಾಯವಾದದ್ದೆಂದು ಪರಿಗಣಿಸಿ, "ಇಬ್ಬರಿಗೂ" ಎಂದರು.

ಆ ಹೊಸ ವಿಭಾಗಕ್ಕೆ ಶಾಸ್ತ್ರದ ಬಲ ಇರಲಿ ಎಂದು ಸಮಿತಿಯೇ ದೂರದ ವಿಶ್ವವಿದ್ಯಾಲಯದಿಂದ ಒಬ್ಬ ಭೂವಿಜ್ಞಾನಿಯನ್ನು ಕರೆಸಿತ್ತು. ಆಕೆ ಏರಿಯ ಉದ್ದಕ್ಕೂ ನೆಲದಲ್ಲಿ ಡಬ್ಬಿಗಳನ್ನು ಹೂತು, ಭೂಮಿಯ ನಡುಕಗಳು ಅಡಿಯಿಂದ ಹಾದುಬರುವ ವೇಗವನ್ನು ಅಳೆಯುತ್ತಿದ್ದರು. ಊರಿನವರು ಅವರನ್ನು ನಡುಕದ ಮೇಡಂ ಎಂದು ಕರೆದರು. ಮೇಡಂಗೆ ಒಂದು ಕಾಯಿಲೆ ಇತ್ತು: ಯಾವ ಪ್ರಶ್ನೆಗೂ ಹೌದು ಅಥವಾ ಇಲ್ಲ ಎನ್ನುತ್ತಿರಲಿಲ್ಲ. ಊಟ ಆಯ್ತಾ ಎಂದರೂ, "ಬಹುಶಃ ಆಯ್ತು" ಎನ್ನುವ ಪೈಕಿ.

ಮೊದಲ ಬಾರಿಗೆ ಪ್ರದರ್ಶನಾಲಯಕ್ಕೆ ಬಂದ ದಿನ ಮೇಡಂ ಇಡೀ ಕಥೆಯನ್ನು ಕೈಕಟ್ಟಿ ನಿಂತು ಕೇಳಿದರು. ಪ್ರವಾಸಿಗರು ಹೋದ ಮೇಲೆ ತೊಟ್ಟಿಯ ಹತ್ತಿರ ಬಗ್ಗಿದರು.

"ಅಕ್ಕ, ಅದೇನದು ಕಮಾನು?"

"ಶಿಲಾಪಾಕ ಬರೋ ದಾರಿ, ಮೇಡಂ."

ಮೇಡಂ ಬಹಳ ಹೊತ್ತು ಆ ಕಮಾನನ್ನು ನೋಡಿದರು. ನಂತರ ಮೆತ್ತಗೆ, "ಅಕ್ಕ, ನಿಮ್ಮನೇಲಿ ಒಂದು ಲೋಟ ಟೀ ಸಿಗುತ್ತಾ?" ಎಂದರು.

ಅಡುಗೆಮನೆಯ ಮೇಜಿನ ಮೇಲೆ ಜೇನಿನ ಬಾಟಲಿ ಇತ್ತು. ಬಹಳ ದಿನದಿಂದ ಕೂತು ಅದು ಹರಳುಗಟ್ಟಿಹೋಗಿತ್ತು. ಕೆಳಗೆಲ್ಲ ಬಿಳಿಚಿದ ಮರಳಿನಂಥ ಗಟ್ಟಿ, ಮೇಲೆ ಮಾತ್ರ ಬೆರಳಗಲದ ತಿಳಿ. ಅಂಗಡಿಯವನು ಸಕ್ಕರೆ ಬೆರೆಸಿ ಮೋಸ ಮಾಡಿದ್ದಾನೆ ಎಂದು ಬೀಗದವನು ವಾರದಿಂದ ಗೊಣಗುತ್ತಿದ್ದ. ಮೇಡಂ ಆ ಬಾಟಲಿಯನ್ನು ಕಂಡದ್ದೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ಮೊದಲ ಸಲ 'ಬಹುಶಃ' ಇಲ್ಲದ ಒಂದು ಸಂತೋಷ ಕಂಡಿತು.

"ಇದು," ಎಂದರು. "ನಿಮ್ಮ ಕಾಲ ಕೆಳಗೆ ಇರೋದು ಇದು."

"ಜೇನಾ?" ಎಂದ ಬೀಗದವನು.

"ಜೇನಿನ ಹಾಗೆ. ಕೆರೆ ಅಲ್ಲ, ಗುಹೆ ಅಲ್ಲ. ಹರಳುಗಳ ರಾಡಿ. ಹರಳಿಗೆ ಹರಳು ಒತ್ತಿಕೊಂಡು ಕೂತಿದಾವೆ, ಸಂದಿನಲ್ಲಿ ಮಾತ್ರ ಸ್ವಲ್ಪ ಪಾಕ. ಬಾಟಲಿ ಓರೆ ಮಾಡಿದ್ರೂ ಹರಿಯಲ್ಲ, ನೋಡಿ."

ಓರೆ ಮಾಡಿ ತೋರಿಸಿದರು. ಮೇಲಿನ ತಿಳಿ ಮಾತ್ರ ಸೋಮಾರಿಯಂತೆ ಒಂದು ಕಡೆ ಸರಿಯಿತು. ಗಟ್ಟಿ ಭಾಗ ಜಪ್ಪಯ್ಯ ಅನ್ನಲಿಲ್ಲ.

"ಮತ್ತೆ ಬಿಸಿ?" ಎಂದಳು ಕೊತಕೊತಕ್ಕ.

"ಬಿಸಿ ಇದೆ. ಬಹಳ. ಆ ಬಿಸಿ ಇನ್ನೂ ಆಳದಿಂದ ಬರುತ್ತೆ. ಕೆಳಗಿನಿಂದ ಕರಿಕಲ್ಲಿನ ಪಾಕ ಆಗಾಗ ಮೇಲೇರಿ ಬರುತ್ತೆ. ಅದು ಸುಡೋ ಬಿಸಿ. ಬಂದು ದಾರೀಲೇ ಆರಿ ಗಟ್ಟಿಯಾಗುತ್ತೆ. ಆರುವಾಗ ತನ್ನ ಬಿಸಿನ ಸುತ್ತಲಿನ ಕಲ್ಲಿಗೆ ಕೊಡುತ್ತೆ, ಆ ಕಲ್ಲು ಸ್ವಲ್ಪ ಕರಗುತ್ತೆ. ಇದರ ರಸ, ಅದರ ರಸ ಎಲ್ಲ ಬೆರೆತು ಬೇರೆ ಥರದ ಪಾಕ ಆಗುತ್ತೆ. ಬಿಳಿ, ಅಂಟು, ನಿಧಾನದ್ದು. ಅದು ಮೇಲಕ್ಕೆ ಸರೀತಾ, ಸರೀತಾ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ, ಹರಳುಗಟ್ಟುತ್ತೆ. ಮತ್ತೆ ಕೆಳಗಿಂದ ಬಿಸಿ ಬರುತ್ತೆ, ಮತ್ತೆ ಸ್ವಲ್ಪ ಮೆತ್ತಗಾಗುತ್ತೆ. ಹೀಗೇ ಲಕ್ಷ ಲಕ್ಷ ವರ್ಷ."

"ಮೇಲೆ ಬರೋದೇ ಇಲ್ವಾ?"

"ಹೊರಟದ್ದರಲ್ಲಿ ಹೆಚ್ಚಿನದು ಮೇಲೆ ತಲುಪೋದೇ ಇಲ್ಲ ಅಕ್ಕ. ಮಧ್ಯದಲ್ಲೇ ಕೂತು ಕಲ್ಲಾಗುತ್ತೆ."

"ನನ್ನ ಖಾಯಂ ಕಡತದ ಹಾಗೆ," ಎಂದಳು ಕೊತಕೊತಕ್ಕ.

ಬೀಗದವನು ನಕ್ಕ. ಮೇಡಂ ನಗಲಿಲ್ಲ, ಹೋಲಿಕೆ ಸರಿಯಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದರು. ಆಮೇಲೆ ಬಾಟಲಿಯ ಮೇಲಿನ ತಿಳಿಯನ್ನು ಬೆರಳಿನಿಂದ ತೋರಿಸಿದರು. "ಭಯ ಪಡಬೇಕಾದ್ದು ಇದಕ್ಕೆ. ಹರಳುಗಳು ತಮ್ಮ ಭಾರಕ್ಕೇ ಕೆಳಗೆ ಕುಗ್ಗಿ, ಸಂದಿಯ ರಸ ಹಿಂಡಿ ಮೇಲೆ ಬಂದು, ಚಾವಣಿಯ ಕೆಳಗೆ ಹೀಗೆ ಕೂಡಿಕೊಳ್ಳುತ್ತೆ. ಇದು ಸಾಕಷ್ಟು ಸೇರಿ, ಒಳಗಿನ ಅನಿಲ ಒತ್ತಿದರೆ, ಚಾವಣಿ ತಡೆಯಲ್ಲ. ಸದ್ದಿಲ್ಲದೆ ಸೇರಿಕೊಳ್ಳುತ್ತೆ. ಕುದಿಯೋದಿಲ್ಲ."

"ಈಗ ನಮ್ಮ ಕೆಳಗೆ ಎಷ್ಟು ಸೇರಿದೆ?"

"ತುಂಬ ಕಡಿಮೆ. ಬಹುಶಃ."

ಮೇಡಂ ಹೋದ ಮೇಲೆ ಕೊತಕೊತಕ್ಕ ಬಾಟಲಿಯನ್ನು ಮುಂದಿಟ್ಟುಕೊಂಡು ಕೂತೇ ಇದ್ದಳು. ಹೊರಗೆ ಬಿಸಿಲು ಏರಿಯ ಹಿಂದೆ ಇಳಿದು, ಹಬೆಯ ಮೇಲೆ ಹರಡಿದ್ದ ಬಟ್ಟೆಗಳು ಬಣ್ಣ ಕಳೆದುಕೊಳ್ಳುತ್ತಿದ್ದವು. ಗೋಡೆಯಾಚೆ ಗುಳುಗುಳು.

"ರೀ, ಹಾಗಾದ್ರೆ ಇಷ್ಟು ವರ್ಷ ನಾನು ಏನನ್ನ ಕಾಯ್ದೆ?"

"ಗಾಳಿ ಪಂಪು," ಎಂದ ಬೀಗದವನು. ಹೇಳಿದ ಮೇಲೆ ಅವಳ ಮುಖ ನೋಡಿ, ಅರವನ್ನು ಕೆಳಗಿಟ್ಟ. "ನಾನು ಬೀಗ ರಿಪೇರಿ ಮಾಡೋ ಮನೆಗಳಲ್ಲಿ ಎಷ್ಟೋ ಮನೆ ಒಳಗೆ ಕದಿಯೋಂಥದ್ದು ಏನೂ ಇರಲ್ಲ ಕಣೇ. ಆದ್ರೂ ಬೀಗ ಬೇಕು ಅಂತಾರೆ. ರಾತ್ರಿ ನಿದ್ದೆ ಬರುತ್ತಂತೆ."

ಅವಳಿಗೆ ಇದರಿಂದ ಸಮಾಧಾನವಾಗಲಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ಇನ್ನೊಂದು ಯೋಚನೆ ಬಂದಿತ್ತು. ಕೆಳಗಿರುವುದು ಕುದಿಯದಿದ್ದರೆ ಮೇಲಿನದು ಕುದಿಯಬೇಕಿಲ್ಲ. ಮೇಲಿನದು ಕುದಿಯದಿದ್ದರೆ ಕಾಯುವವಳು ಬೇಕಿಲ್ಲ. ಅಂದರೆ ಮಗಳ ಬಳಿಗೆ ಹೋಗಬಹುದು. ಅದೇ ಕಾರಣಕ್ಕೆ ಹುದ್ದೆಯೂ ಹೋಗಬಹುದು. ಅವಳಿಗೆ ಎರಡೂ ಬೇಕಿತ್ತು. ಇಡೀ ಹರೆಯ ಕೊಟ್ಟವಳಿಗೆ ಅಷ್ಟು ಆಸೆ ತಪ್ಪಲ್ಲ ಅನ್ನಿಸಿತು. ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಸಮಿತಿಯ ಸಭೆಗೆ ಮೇಡಂ ಜೊತೆ ಹೊರಟಳು.

ಸಭೆಯಲ್ಲಿ ಮೇಡಂ ಗೋಡೆಗೆ ಚಿತ್ರ ಹಾಕಿ ವಿವರಿಸಿದರು. ನಡುಕಗಳು ಅಡಿಯ ಕಲ್ಲಿನಲ್ಲಿ ನಿಧಾನವಾಗಿ ಹಾದುಬರುತ್ತವೆ, ಆದ್ದರಿಂದ ಅಲ್ಲಿ ಸ್ವಲ್ಪ ಪಾಕವಿದೆ. ಆದರೆ ಕೆರೆ ಇದ್ದಿದ್ದರೆ ಆಗುತ್ತಿದ್ದಷ್ಟು ನಿಧಾನವಾಗಿಲ್ಲ, ಆದ್ದರಿಂದ ಹೆಚ್ಚಿನದು ಗಟ್ಟಿ ಹರಳು. ಸದಸ್ಯರು ಜೇನಿನ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬರು ಮೂಸಿ ನೋಡಿದರು.

"ಒಂದು ನಿಮಿಷ ಮೇಡಂ," ಎಂದರು ಅಧ್ಯಕ್ಷರು. "ಕೆಳಗೆ ಬೆಂಕಿ ಇಲ್ಲ ಅಂತೀರಾ?"

"ಬಿಸಿ ಇದೆ. ಕಬ್ಬಿಣ ಕೆಂಪಾಗೋ ಅಷ್ಟು."

"ಆದ್ರೆ ಕುದಿಯಲ್ಲ."

"ಇಲ್ಲ... ಬಹುಶಃ ಇಲ್ಲ."

"ಬಿಸಿ ಇದ್ದೂ ಅಲ್ಲಾಡದೆ ಕೂತಿರೋದನ್ನ ನೋಡೋಕೆ ಯಾರು ಬರ್ತಾರೆ? ನಮ್ಮತ್ತೇನ ಮನೇಲೇ ನೋಡಬಹುದು." ಸಭೆ ನಕ್ಕಿತು. ನಗು ನಿಂತ ಮೇಲೆ ಅವರು ಗಂಭೀರರಾದರು. "ಮತ್ತೆ ಈ ಪದ, ರಾಡಿ. 'ನಮ್ಮೂರ ಕೆಳಗೆ ರಾಡಿ ಇದೆ' ಅಂತ ಬೋರ್ಡ್ ಹಾಕೋಕಾಗುತ್ತಾ?"

"ಚರಂಡಿ ವಿಭಾಗದವರು ತಮಗೆ ಸಂಬಂಧಿಸಿದ್ದು ಅಂದ್ಕೊತಾರೆ," ಎಂದರು ಮೂಸಿ ನೋಡಿದ ಸದಸ್ಯರು.

"ಅದು ಮುಂದೆ ಯಾವಾಗಾದರೂ ಸಿಡಿಯಬಹುದಾ?" ಎಂದು ಅಧ್ಯಕ್ಷರು ಮೇಡಂ ಕಡೆ ತಿರುಗಿದರು.

"ಇಲ್ಲ ಅನ್ನೋಕಾಗಲ್ಲ. ಹತ್ತಾರು ಸಾವಿರ ವರ್ಷಗಳಲ್ಲಿ..."

"ಅಂದ್ರೆ ಈ ಚುನಾವಣೆಗೆ ಮುಂಚೆ ಇಲ್ಲ." ಅಧ್ಯಕ್ಷರಿಗೆ ಬೇಕಾದ ಸ್ಪಷ್ಟತೆ ಸಿಕ್ಕಿತು.

ಕೊತಕೊತಕ್ಕ ಎದ್ದು ನಿಂತಳು. "ಸಾರ್, ಹಾಗಾದ್ರೆ ತೊಟ್ಟಿ ಸ್ವಲ್ಪ ದಿನ ನಿಲ್ಲಿಸಿದ್ರೂ ಏನಾಗಲ್ಲ. ಮೇಡಮ್ಮೇ ಹೇಳ್ತಿದಾರೆ. ನಾನು ಮಗಳ ಹೆರಿಗೆ ಮುಗಿಸಿ ಬರ್ತೀನಿ. ಬಂದು ಬೇಕಾದ್ರೆ ಈ ಜೇನಿನ ಕಥೆನೇ ಚೆನ್ನಾಗಿ ಹೇಳ್ತೀನಿ."

"ಕೂತ್ಕೋಮ್ಮ. ಊರು ಏರಿ ಹತ್ತಿ ಕೂತಾಗ ಇಳಿಸಿಕೊಂಡು ಬಂದವರು ನಾವು."

ಚರ್ಚೆ ಊಟದ ಹೊತ್ತಿನವರೆಗೆ ನಡೆಯಿತು, ಊಟದ ಹೊತ್ತಾದ್ದರಿಂದ ಮುಗಿಯಿತು. ಶಿಲಾಪಾಕವು ಕುದಿಯುತ್ತಿದೆ ಎಂದು ಸಮಿತಿ ಬಹುಮತದಿಂದ ತೀರ್ಮಾನಿಸಿತು. ಮೇಡಂ ಅವರಿಗೆ ಮತವಿರಲಿಲ್ಲ. ಆದರೂ ವಿಜ್ಞಾನಕ್ಕೆ ಗೌರವ ಕೊಡಬೇಕಾದ್ದರಿಂದ ಜೇನಿನ ಬಾಟಲಿಯನ್ನು ತೊಟ್ಟಿಯ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಇಡಲು, ಅದಕ್ಕೆ 'ಇನ್ನೊಂದು ಅಭಿಪ್ರಾಯ' ಎಂಬ ಚೀಟಿ ಅಂಟಿಸಲು ಅನುಮತಿ ದೊರೆಯಿತು. ಹೊಸ ವಿಭಾಗ ಎಂದರೆ ಆ ಸ್ಟೂಲೇ. ಇರುವೆ ಹತ್ತದಂತೆ ನೋಡಿಕೊಳ್ಳುವುದನ್ನು ಕುದಿ ಉಸ್ತುವಾರಿಯ ಕರ್ತವ್ಯಗಳಿಗೆ ಸೇರಿಸಲಾಯಿತು.

ದಾರಿಯಲ್ಲಿ ಮೇಡಂ, "ಕ್ಷಮಿಸಿ ಅಕ್ಕ. ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೇನೋ," ಎಂದರು.

"ಹೇಳಬೇಕಿತ್ತು," ಎಂದಳು ಕೊತಕೊತಕ್ಕ. ಮೇಡಂ ಇದಕ್ಕೆ 'ಬಹುಶಃ' ಎನ್ನಲಿಲ್ಲ.

ಉದ್ಘಾಟನೆಯ ದಿನ ಪ್ರದರ್ಶನಾಲಯ ತುಂಬಿತ್ತು. ದೊಡ್ಡ ಸಾಹೇಬರು ಮುಂದಿನ ಕುರ್ಚಿಯಲ್ಲಿ, ಬಿಸಿನೀರಿನ ಸ್ನಾನ ಮುಗಿಸಿ ಬಂದ ಕೆಂಪು ಮುಖದಲ್ಲಿ ಕೂತಿದ್ದರು. ಅಧ್ಯಕ್ಷರು ಭಾಷಣದಲ್ಲಿ ಊರನ್ನು ಜಗತ್ತಿನ ಭೂಪಟದಲ್ಲಿ ಇಟ್ಟರು. ವೇದಿಕೆಗೆ ಹೋಗುವ ಮೊದಲು ಕೊತಕೊತಕ್ಕನ ಕಿವಿಯಲ್ಲಿ, "ನೀನು ಕಥೆ ಮುಗಿಸಿದ ತಕ್ಷಣ ಘೋಷಣೆ. ಕಾಗದ ಸಾಹೇಬರ ಜೇಬಲ್ಲೇ ಇದೆ," ಎಂದಿದ್ದರು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಬಾಟಲಿಯ ಸ್ಟೂಲಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದ್ದಳು.

"ನಿಮ್ಮ ಕಾಲ ಕೆಳಗೆ," ಎಂದು ಆರಂಭಿಸಿದಳು. ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಬೀಗದವನು ಕಂಡ. ಅವನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವಳ ಬಟ್ಟೆಯ ಚೀಲ. ಅವನು ಏನನ್ನೂ ಕೂಗಲಿಲ್ಲ. ಚೀಲವನ್ನು ಸ್ವಲ್ಪ ಮೇಲೆತ್ತಿ ತೋರಿಸಿದ, ಅಷ್ಟೆ. ನೋವು ಶುರುವಾಗಿದೆ ಎಂದು ಅವಳಿಗೆ ತಿಳಿಯಿತು.

ಸಭೆಗೆ ಏನೂ ತಿಳಿಯಲಿಲ್ಲ. ಅವಳು ಕಥೆಯನ್ನು ಮುಂದುವರಿಸಿದಳು. ಗುಹೆ, ಬೆಂಕಿಯ ಕೆರೆ. 'ಕೇಳಿಸಿಕೊಳ್ಳುತ್ತ' ಎಂಬಲ್ಲಿಗೆ ಬಂದಾಗ ವಾಡಿಕೆಯಂತೆ ದನಿ ಇಳಿಯಿತು, ಇಳಿದದ್ದು ಮತ್ತೆ ಏರಲಿಲ್ಲ. ಅವಳು ತೊಟ್ಟಿಯ ಹಿಂದೆ ಕೈ ಹಾಕಿ ಗುಂಡಿ ಆರಿಸಿದಳು.

ಗುಳುಗುಳು ನಿಂತಿತು. ಕೊನೆಯ ಗುಳ್ಳೆಗಳು ಮೇಲೆದ್ದು ಒಡೆದವು. ಕೆಂಪು ನೀರು ನಿಧಾನವಾಗಿ ತಿಳಿಯಾಗಿ, ತಳದ ಪ್ಲಾಸ್ಟಿಕ್ ಕಮಾನು ಎಲ್ಲರಿಗೂ ಕಾಣಿಸಿತು. ಹಿಂದಿನ ಸಾಲಿನಲ್ಲಿ ಯಾರೋ, "ಹಾಸಿಗೆ," ಎಂದರು. ಸೊಪ್ಪು ಮಾರುವವಳು ಎದ್ದು ನಿಂತಳು.

"ಕೂತ್ಕೊಳ್ಳಿ," ಎಂದಳು ಕೊತಕೊತಕ್ಕ. "ನೋಡಿ, ಏನೂ ಆಗಲಿಲ್ಲ. ಇದು ಗಾಳಿ. ಇದು ಬಣ್ಣದ ನೀರು. ನಿಮ್ಮ ಕಾಲ ಕೆಳಗೆ ಇರೋದು ಇಲ್ಲಿದೆ." ಸ್ಟೂಲಿನ ಬಳಿ ಹೋಗಿ ಬಾಟಲಿಯನ್ನು ಎತ್ತಿ ಓರೆ ಮಾಡಿದಳು. "ಹರಿಯಲ್ಲ. ನಾನು ಕಾದ್ರೂ ಇಷ್ಟೇ, ಕಾಯದೇ ಇದ್ರೂ ಇಷ್ಟೇ."

"ಅಮ್ಮ, ಗುಂಡಿ, ಗುಂಡಿ ಹಾಕು," ಎಂದು ಅಧ್ಯಕ್ಷರು ನಗುಮುಖ ಕೆಡಿಸಿಕೊಳ್ಳದೆ ಹಲ್ಲಿನ ಸಂದಿಯಿಂದ ಹೇಳಿದರು. "ಕಾಗದ ಇದೆ. ಇನ್ನು ಒಂದು ಮಾತು ಹೇಳಿ ಮುಗಿಸಿಬಿಡು."

ಸಾಹೇಬರು ಇದು ಕಾರ್ಯಕ್ರಮದ ಭಾಗವೆಂದೇ ತಿಳಿದು ಚಪ್ಪಾಳೆಗೆ ಕೈ ಸಿದ್ಧಮಾಡಿಕೊಂಡಿದ್ದರು. ಗೋಡೆಗೊರಗಿ ನಿಂತಿದ್ದ ಮೇಡಂ, ಯಾರೂ ಕೇಳದೆಯೇ, ಎಲ್ಲರಿಗೂ ಕೇಳುವಂತೆ, "ಹೌದು," ಎಂದರು.

ಕೊತಕೊತಕ್ಕ ಬಾಟಲಿಯನ್ನು ಸ್ಟೂಲಿನ ಮೇಲಿಟ್ಟಳು. ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಅದರ ಪಕ್ಕಕ್ಕಿಟ್ಟಳು. ಜೇನು ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಇದು ಎಲ್ಲೂ ಹೋಗಲ್ಲ ಸಾರ್. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಬಂದು ನೋಡಿದ್ರೂ ಹೀಗೇ ಕೂತಿರುತ್ತೆ. ಆದ್ರೆ ಅಲ್ಲಿ ನನ್ನ ಮಗಳು" ಎನ್ನುತ್ತ ಅವಳು ಕುರ್ಚಿಗಳ ಸಾಲಿನ ನಡುವೆ ನಡೆದು, ಗಂಡನ ಕೈಯಿಂದ ಚೀಲ ತೆಗೆದುಕೊಂಡು, ಬಾಗಿಲು ದಾಟಿ, ಏರಿಯ ಬಸ್ಸು ನಿಲ್ಲುವ ಕಡೆಗೆ ಹೊರಟಳು.